ಪರದೆಯ ಆಚೆಗಿನ ಮಿಷನ್

ಮೊನ್ನೆ ಸಹಕಾರನಗರದಲ್ಲಿ ಒಂದು ಯೂನಿಫಾರ್ಮ್ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ಶಾಲೆ ಶುರುವಾಗುವ ಕಾಲ. ಬಾಗಿಲಲ್ಲೇ ನೀಲಿ ಬಟ್ಟೆಯ ಥಾನುಗಳನ್ನು ಬಿಚ್ಚಿ ಹಾಕಿದ್ದರು. ಗಂಜಿ ಇಳಿಯದ ಹೊಸ ಬಟ್ಟೆಗೆ ಒಂದು ವಾಸನೆಯಿರುತ್ತದೆ, ಸ್ವಲ್ಪ ಒಣಹುಲ್ಲಿನ ಹಾಗೆ, ಸ್ವಲ್ಪ ಸೀಮೆಎಣ್ಣೆಯ ಹಾಗೆ. ಅದು ಮೂಗಿಗೆ ಬಡಿದದ್ದೇ ಕಾಲು ಮುಂದೆ ಹೋಗಲಿಲ್ಲ. ಅಂಗಡಿಯ ಹುಡುಗಿ "ಯಾವ್ ಸ್ಕೂಲ್ ಮೇಡಂ?" ಎಂದು ಕೇಳಿದಳು. "ಏನೂ ಬೇಡಮ್ಮ" ಎಂದು ಹೇಳಿ ಹೊರಟೆ. ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕೂತು ಎರಡು ಬಸ್ಸು ಬಿಟ್ಟೆ.

ನನ್ನ ಗಂಡ ಮುನೀರ್ ತೀರಿಕೊಂಡ ದಿನ ನಮ್ಮ ಮನೆಯ ತುಂಬ ಇದೇ ವಾಸನೆಯಿತ್ತು.

ಆರ್.ಟಿ. ನಗರದ ಒಂದು ಓಣಿಯಲ್ಲಿ ನಮ್ಮದು ನೆಲಮಹಡಿಯ ಮನೆ. ರಸ್ತೆಗೆ ಷಟರ್ ಇದ್ದ ಮುಂದಿನ ಕೋಣೆಯೇ ಅವರ ಟೈಲರ್ ಅಂಗಡಿ. ಹಿಂದೆ ಒಂದು ಕೋಣೆ, ಅಡುಗೆಮನೆ. ನಡುವೆ ಹಳೆಯ ಮಂಚದ ಹೊದಿಕೆಯಿಂದ ಹೊಲಿದ ಪರದೆ. ನಾವಿಬ್ಬರು ಮತ್ತು ನನ್ನ ಅತ್ತೆ. ನಮಗೆ ಮಕ್ಕಳಾಗಲಿಲ್ಲ. ಮೇ ಜೂನ್ ಬಂದರೆ ಓಣಿಯ ಮಕ್ಕಳ ಯೂನಿಫಾರ್ಮೆಲ್ಲ ನಮ್ಮ ಮನೆಯಲ್ಲಿಯೇ ರಾಶಿ ಬೀಳುತ್ತಿತ್ತು. ಆ ವರ್ಷವೂ ಬಿದ್ದಿತ್ತು. ಆ ದಿನ ಬೆಳಗಿನ ನಮಾಜು ಮುಗಿಸಿ ಬಂದ ಮುನೀರ್ ಎದೆ ಉರಿಯುತ್ತಿದೆ ಎಂದರು, ನೀರು ಕೇಳಿದರು. ನಾನು ನೀರು ತರುವಷ್ಟರಲ್ಲಿ ಗೋಡೆಗೆ ಒರಗಿಕೊಂಡಿದ್ದರು. ಕಾಲರ್ ಇಲ್ಲದ ಅಂಗಿಗಳು, ಒಂದೇ ಕಾಲಿನ ಚಡ್ಡಿಗಳು ಕತ್ತರಿಸಿಟ್ಟ ಹಾಗೆಯೇ ಇದ್ದವು.

ನಮ್ಮಲ್ಲಿ ಗಂಡ ತೀರಿಕೊಂಡರೆ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಅದೇ ಮನೆಯಲ್ಲಿ ಇರಬೇಕು. ಅದನ್ನು ಇದ್ದತ್ ಎನ್ನುತ್ತಾರೆ. ತೀರಾ ಅಗತ್ಯವಿಲ್ಲದೆ ಹೊರಗೆ ಹೋಗುವಂತಿಲ್ಲ, ಬಳೆ, ಬಣ್ಣದ ಬಟ್ಟೆ ಇಲ್ಲ, ಹೊರಗಿನ ಗಂಡಸರ ಎದುರು ಬರುವಂತಿಲ್ಲ. ಅದನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಮೊದಲ ಕೆಲವು ವಾರ ಎಲ್ಲಿಗೂ ಹೋಗಬೇಕಿಲ್ಲ, ಯಾರಿಗೂ ಮುಖ ತೋರಿಸಬೇಕಿಲ್ಲ ಎನ್ನುವುದೇ ನನಗೆ ದೊಡ್ಡ ಆಸರೆಯಾಗಿತ್ತು. ಗೋಡೆಯ ಕಡೆ ತಿರುಗಿ ಮಲಗಿದರೆ ಯಾರೂ ಏಳು ಎನ್ನುತ್ತಿರಲಿಲ್ಲ. ಆಮೇಲೆ ಮಳೆ ಹಿಡಿಯಿತು. ಗೋಡೆ ತೇವವಾಯಿತು. ಷಟರ್ ಮುಚ್ಚಿಯೇ ಇದ್ದದ್ದರಿಂದ ಹಗಲಲ್ಲೂ ದೀಪ ಹಾಕಬೇಕಾಗುತ್ತಿತ್ತು. ಓಣಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಬಂದು ಕೂಗಿಕೊಂಡು ಹೋಗುತ್ತಿದ್ದಳು. ಅವಳ ದನಿ ಎಲ್ಲಿಯವರೆಗೆ ಕೇಳುತ್ತದೋ ಅಲ್ಲಿಯವರೆಗೆ ನಾನೂ ಮನಸ್ಸಿನಲ್ಲಿ ನಡೆದುಕೊಂಡು ಹೋಗುತ್ತಿದ್ದೆ.

ಮನೆಯಲ್ಲಿದ್ದ ಸಾಮಾನೆಲ್ಲ ಹಳೆಯದು. ಅವರು ಯಾವುದನ್ನೂ ಬಿಸಾಡಿದವರಲ್ಲ. ಜಾಲರಿಯಿಲ್ಲದ ಟೇಬಲ್ ಫ್ಯಾನು, ಹಿಡಿಗೆ ಬಟ್ಟೆ ಸುತ್ತಿದ ಇಸ್ತ್ರಿಪೆಟ್ಟಿಗೆ, ಬೆನ್ನು ಮುರಿದು ಸ್ಟೂಲಾದ ಕುರ್ಚಿ. ಪಕ್ಕದ ಕಾಂಪೌಂಡಿನ ಸರೋಜಮ್ಮ ಇದಕ್ಕೇ ನನ್ನ ಗಂಡನನ್ನು ರೇಗಿಸುತ್ತಿದ್ದರು. ಸರೋಜಮ್ಮನವರದು ಮಠದಹಳ್ಳಿಯ ಹಳೆಯ ಒಕ್ಕಲು ಮನೆತನ, ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಮನೆಗಳು.

"ನಿಮ್ಮನೇಲಿ ಹೊಸದು ಅಂದ್ರೆ ಕ್ಯಾಲೆಂಡರ್ ಒಂದೇ ಕಣಪ್ಪಾ ಮುನೀರಾ."

"ಅದೂ ಡಿಸೆಂಬರ್ ತನಕ ಅಷ್ಟೇ ಸರೋಜಕ್ಕಾ. ಆಮೇಲೆ ಹಿಂದ್ಗಡೆ ಅಳತೆ ಬರ್ಕೊಳ್ತೀನಿ."

ಅವರು ಹೋದ ಮೇಲೂ ಆ ಸಾಮಾನುಗಳು ಎಂದಿನ ಹಾಗೆ ಕೆಲಸ ಮಾಡಿಕೊಂಡಿದ್ದವು. ಫ್ಯಾನು ಎಡಕ್ಕೆ ತಿರುಗಿ, ಅವರು ಮಲಗುತ್ತಿದ್ದ ಚಾಪೆಯ ಜಾಗಕ್ಕೆ ಗಾಳಿ ಹಾಕಿ, ಟಕ್ಕೆಂದು ನನ್ನ ಕಡೆ ತಿರುಗುತ್ತಿತ್ತು. ಒಂದು ಮಧ್ಯಾಹ್ನ ಸಿಟ್ಟು ಬಂದು ಅದರ ವೈರು ಕಿತ್ತಿಟ್ಟೆ. ಸೆಕೆ ತಾಳದೆ ಮತ್ತೆ ನಾನೇ ಸಿಕ್ಕಿಸಿದೆ.

ಇನ್ನು ಮಿಷನ್. ಕಾಲಲ್ಲಿ ತುಳಿಯುವ ಕಪ್ಪು ಹೊಲಿಗೆ ಮಿಷನ್. ಮೈಮೇಲಿನ ಚಿನ್ನದ ಬಣ್ಣದ ಹೂಬಳ್ಳಿ ಕೈ ತಾಗಿ ತಾಗಿ ಅಳಿಸಿಹೋಗಿ ಎಲೆ ಮಾತ್ರ ಉಳಿದಿತ್ತು. ಅದು ನನ್ನ ತಾಯಿಯದು. ದೊಡ್ಡಬಳ್ಳಾಪುರದಲ್ಲಿ ಅವಳು ಅದರಲ್ಲೇ ಲಂಗ ರವಿಕೆ ಹೊಲಿದು ನನ್ನನ್ನೂ ಅಣ್ಣನನ್ನೂ ಸಾಕಿದಳು, ನನ್ನ ನಿಕಾಹ್ ಆದಾಗ ನನ್ನ ಜೊತೆ ಕಳಿಸಿದಳು. ಆಗ ಮುನೀರ್ ಇನ್ನೊಬ್ಬರ ಅಂಗಡಿಯಲ್ಲಿ ಕೂಲಿಗೆ ಹೊಲಿಯುತ್ತಿದ್ದರು. ಮಿಷನ್ ಬಂದ ವಾರವೇ ಷಟರ್ ತೆಗೆದು ಸ್ವಂತಕ್ಕೆ ಕೂತರು. ಆಮೇಲೆ ಅದು ಓಣಿಗೆಲ್ಲ ಮುನೀರ್ ಮಿಷನ್ ಆಯಿತು. ನಾನೂ "ನಿಮ್ಮ ಮಿಷನ್‌ಗೆ ಎಣ್ಣೆ ಹಾಕಿದಿರಾ?" ಎಂದೇ ಕೇಳುತ್ತಿದ್ದೆ. ಅವರು ಊಟ ಮಾಡಿ ಒರಗಿದ ಹೊತ್ತಿನಲ್ಲಿ ಪಟ್ಟಿ, ಅಂಚು ಹೊಲಿದುಕೊಡುತ್ತಿದ್ದೆ. ಕಾಲರ್ ಕೂರಿಸುವುದನ್ನು ಅವರೇ ಕಲಿಸಿದ್ದರು.

ಇದ್ದತ್ ಶುರುವಾದ ಮೇಲೆ ಶಾಲೆಗಳೂ ಶುರುವಾದವು. ಯೂನಿಫಾರ್ಮಿಗೆ ಕೊಟ್ಟವರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಕೇಳಲೂ ಸಂಕೋಚ, ಕೇಳದೆ ಇರಲೂ ಆಗದು. ನಾನು ಪರದೆಯ ಹಿಂದಿನಿಂದ ಅತ್ತೆಗೆ "ಒಂದು ವಾರ ತಡೀರಿ ಅನ್ನಿ ಅಮ್ಮಿ" ಎಂದೆ. ಅತ್ತೆಯನ್ನು ನಾನು ಅಮ್ಮಿ ಎಂದೇ ಕರೆಯುತ್ತಿದ್ದದ್ದು. ನಾವು ಮನೆಯಲ್ಲಿ ಆಡುವುದು ದಖನಿ. ನಾನು ಓದಿದ್ದು ಕನ್ನಡ ಶಾಲೆಯಾದ್ದರಿಂದ ಆ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಷಟರ್ ಇಳಿಸಿಯೇ ಹೊಲಿದೆ. ಕೈ ಕಾಲು ಓಡುವಷ್ಟು ಹೊತ್ತು ತಲೆ ಸುಮ್ಮನಿರುತ್ತಿತ್ತು. ಆದರೆ ಒಂದು ಮಧ್ಯಾಹ್ನ ಮಾತಾಡಿಸಲು ಬಂದ ನೆಂಟರ ಹೆಂಗಸರು ಅಂಗಳದಲ್ಲೇ ನಿಂತು ಕಿವಿಗೊಟ್ಟರು. "ಏನಿದು, ಮಯ್ಯತ್ ಆದ ಮನೇಲಿ ಮಿಷನ್ ಓಡ್ತಾ ಇದೆ!" ಎಂದು ಒಬ್ಬಳು ಅತ್ತೆಗೆ ಹೇಳಿದ್ದು ನನಗೆ ಕೇಳುವಂತೆಯೇ ಹೇಳಿದ್ದು. ಮರುದಿನ ಅತ್ತೆ ಮಿಷನ್ ಮೇಲೆ ದುಪ್ಪಟಿ ಹೊದಿಸಿದರು.

"ಸಾಕು ಜಬೀನಾ. ಜನ ಏನಂದಾರು."

"ಮಕ್ಕಳು ಹಳೇ ಚಡ್ಡೀಲಿ ಸ್ಕೂಲಿಗೆ ಹೋಗ್ತಾ ಇವೆ ಅಮ್ಮಿ."

"ಹೋಗ್ಲಿ. ನನ್ನ ಮಗ ಹೋಗಿದಾನೆ."

ನಾನು ಕತ್ತರಿ ಎತ್ತಿಟ್ಟೆ. ಕತ್ತರಿಸಿದ ಬಟ್ಟೆಗಳನ್ನು ಅತ್ತೆ ಗಂಟು ಕಟ್ಟಿ ಅವರವರಿಗೆ ವಾಪಸು ಕೊಟ್ಟರು.

ನನ್ನ ಅಣ್ಣ ರಾಜಾನುಕುಂಟೆಯಲ್ಲಿ ಕೋಳಿ ಅಂಗಡಿ ಇಟ್ಟಿದ್ದಾನೆ. ಶುಕ್ರವಾರದ ನಮಾಜು ಮುಗಿಸಿ ತಪ್ಪದೆ ಬರುತ್ತಿದ್ದ, ಬಾಳೆಹಣ್ಣು ತರುತ್ತಿದ್ದ. "ಇದ್ದತ್ ಮುಗೀಲಿ, ಕರ್ಕೊಂಡು ಹೋಗ್ತೀನಿ. ಮೇಲಿನ ರೂಮಿಗೆ ಸುಣ್ಣ ಹೊಡೆಸಿದೀನಿ" ಎನ್ನುತ್ತಿದ್ದ. ಯಶವಂತಪುರದಲ್ಲಿರುವ ನನ್ನ ಮೈದುನನೂ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು, ಮುಂದಿನ ಕೋಣೆಯನ್ನು ಮೊಬೈಲ್ ರಿಪೇರಿಯವನಿಗೆ ಬಾಡಿಗೆ ಕೊಡುವ ಮಾತು ಆಡಿದ್ದ. ಅದರಿಂದ ತಾಯಿಯ ಖರ್ಚು ಕಳೆಯುತ್ತದೆ ಎಂದು ಅವನ ಲೆಕ್ಕ. ಯಾರೂ ನನಗೆ ಕೇಡು ಬಯಸಲಿಲ್ಲ. ಎಲ್ಲರೂ ನನ್ನನ್ನು ಎಲ್ಲಿ ಇಡಬೇಕು ಎಂದು ಯೋಚಿಸುತ್ತಿದ್ದರು. ಅಣ್ಣನ ಮನೆಯಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ. ಆದರೆ ಒಂದು ಸೋಪು ಬೇಕೆಂದರೂ ಅತ್ತಿಗೆಯ ಮುಖ ನೋಡಿ ಕೇಳಬೇಕಾದ ದಿನಗಳು ನನಗೆ ಇಲ್ಲಿಂದಲೇ ಕಾಣುತ್ತಿದ್ದವು. ಮಿಷನ್ ಮುಂದೆ ಕೂತರೆ ನನ್ನ ಸೋಪು ನಾನು ತರಬಲ್ಲೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಇದ್ದತ್ ಮುಗಿದ ಮೇಲೆ ಷಟರ್ ಎತ್ತಿ ಕೂತುಬಿಟ್ಟರೆ ತಾನೇ ಗೊತ್ತಾಗುತ್ತದೆ ಅಂದುಕೊಂಡಿದ್ದೆ.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಆಯಿತು. ಸತ್ತವರ ಬಟ್ಟೆಬರೆ, ಅವರು ಬಳಸಿದ ಸಾಮಾನು ಬಡವರಿಗೆ ಕೊಟ್ಟರೆ ಅದರ ಪುಣ್ಯ ಅವರಿಗೆ ಮುಟ್ಟುತ್ತದೆ ಎಂದು ನಮ್ಮ ನಂಬಿಕೆ. ಅತ್ತೆ ಅವರ ಅಂಗಿ, ಸ್ವೆಟರ್, ಸೈಕಲ್ ಎಲ್ಲ ತೆಗೆದಿಟ್ಟಿದ್ದರು. ನಾನೇ ಮಡಿಸಿಕೊಟ್ಟಿದ್ದೆ. ಅನಾಥ ಹೆಣ್ಣುಮಕ್ಕಳ ಹಾಸ್ಟೆಲ್ಲಿನಿಂದ ಇಬ್ಬರು ಗಂಡಸರು ಗೂಡ್ಸ್ ಆಟೋ ತಂದಿದ್ದರು. ನಾನು ಪರದೆಯ ಈಚೆ ಕೂತು ತಸ್ಬೀಹ್ ಮಣಿ ಎಣಿಸುತ್ತಿದ್ದೆ. ಆಗ ಕೆಂಪು ನೆಲದ ಮೇಲೆ ಕಬ್ಬಿಣ ಎಳೆದ ಸದ್ದು ಕೇಳಿತು.

"ಹಗ್ಗ ಕೆಳ್ಗಡೆಯಿಂದ ಹಾಕಿ, ಗಾಲಿ ಬಿಟ್ಟೀತು" ಎಂದು ಮೈದುನ ಹೇಳುತ್ತಿದ್ದ.

"ಹುಷಾರು, ನನ್ನ ಮಗ ಕೂತ ಮಿಷನ್ ಅದು. ಮಕ್ಕಳು ಹೊಲಿಗೆ ಕಲೀಲಿ. ಒಂದೊಂದು ಹೊಲಿಗೆಗೂ ಅವನಿಗೆ ಸವಾಬ್ ಸಿಗ್ಲಿ" ಎಂದು ಅತ್ತೆ ಅಳುತ್ತಿದ್ದರು.

ನಾನು ಎದ್ದು ಪರದೆಯನ್ನು ಹಿಡಿದುಕೊಂಡೆ. ಆಚೆ ಹೊರಗಿನ ಗಂಡಸರಿದ್ದರು. ಅದಕ್ಕೇ ಪರದೆ ಸರಿಸಲಿಲ್ಲ ಎಂದು ಹೇಳಿದರೆ ಅರ್ಧ ನಿಜ. ಇನ್ನರ್ಧ ಏನೆಂದರೆ, ಹೌದಲ್ಲ, ಅವರ ಮಿಷನ್ ತಾನೆ ಎಂದು ನನಗೂ ಅನಿಸಿತು. ಆಟೋ ಹೊರಟುಹೋಯಿತು. ಮಧ್ಯಾಹ್ನ ಊಟಕ್ಕೆ ಕೂತಾಗ ನೆನಪಾಯಿತು, ಅದು ನನ್ನಮ್ಮ ಕೊಟ್ಟದ್ದು. ತಟ್ಟೆ ಸರಿಸಿಟ್ಟೆ.

ಹೇಳುವುದಾದರೂ ಹೇಗೆ? ಮಗನ ಹೆಸರಲ್ಲಿ ದಾನ ಕೊಟ್ಟು ಆ ತಾಯಿಗೆ ಮೊದಲ ಸಲ ಸ್ವಲ್ಪ ನಿದ್ದೆ ಬಂದಿತ್ತು. ಕೊಟ್ಟದ್ದನ್ನು ವಾಪಸು ಕೇಳಿದರೆ ನನ್ನ ಗಂಡನಿಗೆ ಮುಟ್ಟಿದ ಪುಣ್ಯವನ್ನು ನಾನೇ ಕಿತ್ತುಕೊಂಡಂತೆ. ಕೇಳದಿದ್ದರೆ ರಾಜಾನುಕುಂಟೆ. ಮಳೆ ಜೋರಾಗಿತ್ತು. ಮುಂದಿನ ಕೋಣೆಯಲ್ಲಿ ಮಿಷನ್ನಿನ ಕಾಲುಗಳು ಸವೆಸಿದ ಜಾಗ ನೆಲದಲ್ಲಿ ಕಾಣುತ್ತಿತ್ತು. ಆ ಜಾಗ ಬಿಟ್ಟು ಸುತ್ತು ಹಾಕಿ ನಡೆಯುತ್ತಿದ್ದೆ. ಗೋಡೆಯಿಂದ ಗೋಡೆಗೆ, ಅಡುಗೆಮನೆಯಿಂದ ಪರದೆಗೆ. ಕಿಟಕಿಯಿಂದ ಕೈ ಚಾಚಿದರೆ ಮಳೆ ಸಿಗುತ್ತಿತ್ತು, ಅಷ್ಟೇ.

ಬಾಯಿಬಿಟ್ಟದ್ದು ನಾನಲ್ಲ, ಸರೋಜಮ್ಮ. ಒಂದು ದಿನ ಕಿಟಕಿಯ ಹತ್ತಿರ ಬಂದು ಒಳಗೆ ಇಣುಕಿದರು.

"ಏನಮ್ಮಾ ಜಬೀನಾ, ಮಿಷನ್ ಕಾಣ್ತಿಲ್ಲ? ರಿಪೇರಿಗೆ ಕೊಟ್ರಾ?"

"ಇಲ್ಲ ಸರೋಜಕ್ಕ. ಅವರ ಸಾಮಾನಿನ ಜೊತೆ ಹಾಸ್ಟೆಲ್ಲಿಗೆ ಹೋಯ್ತು."

"ಅಯ್ಯೋ ಅದ್ಯಾಕೆ? ಅದು ನಿಮ್ಮವ್ವ ಕೊಟ್ಟಿದ್ದಲ್ವೇನೇ! ನೀನು ಮದ್ವೆ ಆಗಿ ಬಂದ ದಿನ ಟೆಂಪೋದಿಂದ ಇಳ್ಸಕ್ಕೆ ನಮ್ ಯಜಮಾನ್ರೇ ಕೈ ಹಾಕಿದ್ದು. ಸೊಂಟ ಇಡ್ಕೊಂಡು ಒಂದು ವಾರ ಮಲ್ಗಿದ್ರು, ನಾನೇ ಎಣ್ಣೆ ತಿಕ್ದೋಳು. ನಂಗೆ ಮರ್ತೋಗುತ್ತಾ?"

"ಮೆಲ್ಲಗೆ ಸರೋಜಕ್ಕ."

"ಯಾಕ್ ಮೆಲ್ಲಗೆ? ಇಂಗೆಲ್ಲಾ ಬಾಯ್ ಮುಚ್ಕೊಂಡಿದ್ರೆ ನಾಳೆ ನಿನ್ನೂ ಎತ್ತಿ ಆಟೋಗೆ ಆಕ್ತಾರೆ."

ಅತ್ತೆ ಹಿಂದಿನ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದರು. ಮೊರ ಜಾರಿ ಅಕ್ಕಿ ಚೆಲ್ಲಿದ ಸದ್ದು ಕೇಳಿತು.

ಅಂದು ಅವರು ಊಟ ಮಾಡಲಿಲ್ಲ. ಮರುದಿನವೂ ಬರೀ ಚಹಾ ಕುಡಿದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಇನ್ನೊಬ್ಬರ ವಸ್ತುವನ್ನು ಕೇಳದೆ ಕೊಟ್ಟರೆ ಅದು ದಾನವಾಗುವುದಿಲ್ಲ. ಮಗನಿಗೆ ಮುಟ್ಟಿತು ಎಂದುಕೊಂಡದ್ದು ದಾರಿಯಲ್ಲೇ ನಿಂತುಬಿಟ್ಟಿತ್ತು. ಸಂಜೆ ನನ್ನ ಚಾಪೆಯ ಹತ್ತಿರ ಬಂದು ಕೂತರು. ಕೈ ಹಿಡಿದುಕೊಂಡರು. ಅವರು ಅಲ್ಲಿಯವರೆಗೆ ಎಂದೂ ನನ್ನ ಕೈ ಹಿಡಿದವರೇ ಅಲ್ಲ.

"ಬೇಟಿ, ನನಗೆ ಮರೆತೇ ಹೋಗಿತ್ತು. ಅಲ್ಲಾಹ್‌ನಾಣೆ ಮರೆತಿತ್ತು."

"ನನಗೂ ಮರೆತಿತ್ತು ಅಮ್ಮಿ."

"ಹಾಗಾದ್ರೆ ಒಂದು ಮಾತು ಹೇಳಿಬಿಡು. ನಾನೇ ಕೊಟ್ಟೆ, ಮನಸಾರೆ ಕೊಟ್ಟೆ ಅನ್ನು. ನಿನ್ನ ಬಾಯಲ್ಲಿ ಬಂದರೆ ಸಾಕು, ಅವನಿಗೆ ಮುಟ್ಟುತ್ತೆ. ಅವನು ನಿನಗೇನು ಕಡಿಮೆ ಮಾಡಿದ?"

ಏನೂ ಕಡಿಮೆ ಮಾಡಿರಲಿಲ್ಲ. ಅದೇ ಕಷ್ಟವಾಗಿದ್ದದ್ದು. ಒಂದು ಮಾತು. ಅವರಿಗಾಗಿ ನಾನು ಆಡಬಹುದಾದ ಕೊನೆಯ ಮಾತು. ಬಾಯಿವರೆಗೆ ಬಂತು ಕೂಡ.

"ಮಯ್ಯತ್ ಎತ್ತೋ ಮುಂಚೆ ಹೆಂಗಸರು ನನ್ನನ್ನ ಹಿಡ್ಕೊಂಡು, ಅವರು ನನಗೆ ಕೊಡಬೇಕಾಗಿದ್ದ ಮೆಹರ್ ಎಲ್ಲಾ ಮಾಫ್ ಮಾಡಿದೆ ಅನ್ನು ಅಂದ್ರು. ಏನು ಎತ್ತ ಕೇಳದೆ ತಲೆ ಆಡಿಸಿದೆ ಅಮ್ಮಿ. ಇದಕ್ಕೆ ಆಡಿಸೋಕಾಗಲ್ಲ. ನಾನು ಕೊಟ್ಟಿಲ್ಲ."

"ನೀನು ರಾಜಾನುಕುಂಟೆಗೆ ಹೋಗೋಳು. ಅದನ್ನ ತಗೊಂಡು ಏನ್ ಮಾಡ್ತೀಯ?"

"ನಾನು ಹೋಗ್ತೀನಿ ಅಂತ ಯಾವಾಗ ಅಂದೆ?"

ಅವರು ಕೈ ಬಿಟ್ಟರು.

ಆಮೇಲಿನ ದಿನಗಳನ್ನು ನಾನು ಮರೆತಿಲ್ಲ. ಒಂದೇ ಅಡುಗೆಮನೆ, ಒಂದೇ ಒಲೆ, ಇಬ್ಬರು ವಿಧವೆಯರು. ನಾನು ಹೊರಗೆ ಹೋಗುವಂತಿಲ್ಲ, ನನ್ನನ್ನು ಒಬ್ಬಳನ್ನೇ ಬಿಟ್ಟು ಅವರೂ ಹೋಗುವಂತಿಲ್ಲ. ನಾನು ಮಾಡಿದ ಸಾರನ್ನು ಅವರು ಉಣ್ಣುತ್ತಿದ್ದರು, ಉಪ್ಪು ಕಡಿಮೆಯಾದರೂ ಹೇಳುತ್ತಿರಲಿಲ್ಲ. ಮೊದಲಾದರೆ ಉಪ್ಪಿಗೇ ಅರ್ಧ ಗಂಟೆ ಬೈಯುತ್ತಿದ್ದರು. ಒಂದು ಸಲ ಬೇಕೆಂದೇ ಉಪ್ಪು ಹಾಕದೆ ಮಾಡಿದೆ. ತಟ್ಟೆ ಖಾಲಿ ಮಾಡಿ ಎದ್ದುಹೋದರು. ನಾನು ಕಲ್ಲುಮನಸ್ಸಿನವಳೇ ಇರಬೇಕು ಎಂದು ಗೋಡೆ ನೋಡುತ್ತಾ ಮಲಗಿದೆ. ಹೇಳಿಬಿಡೋಣ ಎಂದು ದಿನಕ್ಕೊಂದು ಸಲ ಅನಿಸುತ್ತಿತ್ತು. ಹೇಳಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಸರೋಜಮ್ಮನನ್ನು ಕರೆದು ನನ್ನ ಜೊತೆ ಕೂರಿಸಿದರು. ಬುರ್ಖಾ ಹಾಕಿಕೊಂಡರು. ಅಟ್ಟದಿಂದ ತಮ್ಮ ದೇಗ್ಚಿ ಇಳಿಸಿದರು. ತಾಮ್ರದ ದೊಡ್ಡ ಪಾತ್ರೆ ಅದು, ವರ್ಷಕ್ಕೊಮ್ಮೆ ಕಲಾಯಿ ಹಾಕಿಸುತ್ತಿದ್ದರು. ಓಣಿಯ ಯಾವ ಮನೆಯ ಬಿರಿಯಾನಿಯೂ ಅದು ಇಲ್ಲದೆ ಆದದ್ದಿಲ್ಲ. ಯುಗಾದಿ ಮರುದಿನದ ಹೊಸತೊಡಕಿನ ಮಾಂಸದ ಸಾರಿಗೆ ಸರೋಜಮ್ಮನೂ ಅದನ್ನೇ ಒಯ್ಯುತ್ತಿದ್ದದ್ದು.

"ಇದೆಲ್ಲಿಗಮ್ಮಾ ಬೀಬಿ?" ಎಂದು ಸರೋಜಮ್ಮ ಗಾಬರಿಯಾದರು. "ಯುಗಾದಿಗೆ ನಾವೇನ್ ಮಾಡೋದು?"

"ಕುಕ್ಕರ್ ಇಟ್ಕೋ" ಎಂದರು ಅತ್ತೆ, ಕನ್ನಡದಲ್ಲೇ.

ಮಧ್ಯಾಹ್ನ ಗೂಡ್ಸ್ ಆಟೋ ಬಂತು. ನಾನು ಪರದೆಯ ಹಿಂದೆ ಸರಿದೆ. ಕಬ್ಬಿಣದ ಕಾಲು ನೆಲಕ್ಕೆ ತಾಗಿದ ಸದ್ದು ಕೇಳಿತು. ಆಟೋದವನು ಹೋದ ಮೇಲೆ ಪರದೆ ಸರಿಸಿ ಆಚೆ ಬಂದೆ. ಸೂಜಿಯಲ್ಲಿ ಹಳದಿ ದಾರ ಇನ್ನೂ ಪೋಣಿಸಿಯೇ ಇತ್ತು.

"ಯಾವುದೋ ಮಗು ಹೊಲೀತಾ ಇತ್ತು" ಎಂದರು ಅತ್ತೆ. "ಎಬ್ಬಿಸಿದೆ. ದೇಗ್ಚಿ ನನ್ನ ತಾಯಿ ಕೊಟ್ಟಿದ್ದು, ನನ್ನದು. ಮುನೀರ್ ಹೆಸರಲ್ಲಿ ಕೊಟ್ಟು ಬಂದೆ. ಅದನ್ನ ಯಾರೂ ವಾಪಸ್ ಕೇಳೋ ಹಾಗಿಲ್ಲ."

ಆ ಹಳದಿ ದಾರವನ್ನು ತೆಗೆಯಲು ನನಗೆ ಎಷ್ಟೋ ದಿನ ಕೈ ಬರಲಿಲ್ಲ. ನಾನು ಗೆದ್ದೆ ಎಂದು ಒಂದು ಗಳಿಗೆಯೂ ಅನಿಸಲಿಲ್ಲ. ಆ ಮಗು ಯಾರೋ, ಏನು ಹೊಲಿಯುತ್ತಿತ್ತೋ. ಅತ್ತೆ ಮಿಷನ್ ತಂದಿಟ್ಟರೇ ಹೊರತು ಇರು ಎನ್ನಲಿಲ್ಲ. ಮೈದುನ ಬಂದಾಗ ಮೊಬೈಲಿನವನ ಮಾತು ನಡೆದೇ ಇತ್ತು. ಅಣ್ಣ ರೂಮಿಗೆ ಫ್ಯಾನು ಹಾಕಿಸಿದ್ದ. ನಾನು ಪರದೆಯ ಈಚೆ ಕೂತು ಎಲ್ಲವನ್ನೂ ಕೇಳಿಸಿಕೊಂಡೆ.

ಇದ್ದತ್ ಮುಗಿದ ದಿನ ಅಣ್ಣ ಹೊಸ ಸೀರೆ ತಂದ. ತವರಿನವರು ಬಂದು ಹೊರಗೆ ಕರೆದೊಯ್ಯುವುದು ನಮ್ಮಲ್ಲಿ ಪದ್ಧತಿ. ನನ್ನ ಸಾಮಾನಿಗೆಂದು ಟಾಟಾ ಗಾಡಿಯನ್ನೂ ತಂದಿದ್ದ.

"ಟ್ರಂಕ್ ಎಲ್ಲಿ? ಮಿಷನ್ನೂ ಹಾಕೋಣ, ಜಾಗ ಇದೆ."

"ಊಟಕ್ಕೆ ಬರ್ತೀನಿ ಭೈಯಾ. ಸಂಜೆ ವಾಪಸ್ ಬರ್ತೀನಿ."

"ವಾಪಸ್ ಎಲ್ಲಿಗೆ? ಯಾರಿದಾರೆ ನಿನಗಿಲ್ಲಿ?"

ಅತ್ತೆ ಅಲ್ಲೇ ಇದ್ದರು. ನಾನು ಅವರ ಕಡೆ ನೋಡಿದೆ. ಅವರು ನಮಾಜಿಗೆ ಕೈಕಾಲು ತೊಳೆದು ವುಜೂ ಮಾಡಲು ನಲ್ಲಿಯ ಹತ್ತಿರ ಹೋದರು.

ಖಾಲಿ ಗಾಡಿಯಲ್ಲೇ ಹೋದೆ. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಅಷ್ಟು ಆಕಾಶವನ್ನು ಒಟ್ಟಿಗೆ ನೋಡಿ ತಲೆ ಸುತ್ತಿತು. ರಾಜಾನುಕುಂಟೆಯ ರೂಮು ಚೆನ್ನಾಗಿತ್ತು. ಅತ್ತಿಗೆ ಕಿಟಕಿಗೆ ಹೂವಿನ ಪರದೆ ಹಾಕಿದ್ದಳು, ಹೊಸ ಚಾಪೆ ಹಾಸಿದ್ದಳು. "ನೀನು ಯಾವ ಕೆಲಸಾನೂ ಮಾಡಬೇಡ, ಸುಮ್ನೆ ಕೂತ್ಕೋ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನನಗೆ ಅಲ್ಲಿ ಕೂರಲಾಗಲಿಲ್ಲ. ಅಣ್ಣ ಸಿಟ್ಟಿನಿಂದ ಬಸ್‌ಸ್ಟಾಪಿನವರೆಗೂ ನನಗಿಂತ ಮುಂದೆ ಬಿರಬಿರನೆ ನಡೆದ. ಬಸ್ಸು ಹತ್ತಿಸಿ, "ಬಾಗಿಲು ತೆಗೀದಿದ್ರೆ ಫೋನ್ ಮಾಡು" ಎಂದ.

ಯಲಹಂಕ ದಾಟಿ ಹೆಬ್ಬಾಳದ ಹತ್ತಿರ ಬಸ್ಸು ನಿಂತದ್ದು ನಿಂತೇ ಇತ್ತು. ಅಕ್ಕಪಕ್ಕದವರು ಟ್ರಾಫಿಕ್ಕನ್ನು ಶಪಿಸುತ್ತಿದ್ದರು. ನನಗೆ ಮಾತ್ರ ಇನ್ನೂ ಸ್ವಲ್ಪ ನಿಲ್ಲಲಿ ಅನಿಸುತ್ತಿತ್ತು. ಅಮ್ಮಿ ಬಾಗಿಲು ತೆಗೆಯದಿದ್ದರೆ? ಅದು ಅವರ ಮನೆ, ಅವರ ಮಗನೇ ಇಲ್ಲದ ಮೇಲೆ ನಾನು ಯಾರು? ಓಣಿಗೆ ತಿರುಗುವಾಗ ಸಂಜೆಯ ಮಗ್ರಿಬ್ ನಮಾಜು ಮುಗಿದಿತ್ತು. ಷಟರ್ ಇಳಿದಿತ್ತು, ಪಕ್ಕದ ಬಾಗಿಲಿಗೆ ಒಳಗಿನಿಂದ ಚಿಲಕ. ತಟ್ಟಿದೆ. ಒಳಗೆ ಸದ್ದಿಲ್ಲ. ಮತ್ತೆ ತಟ್ಟಲು ಕೈ ಏಳಲಿಲ್ಲ. ಹಾಗೆಯೇ ನಿಂತೆ.

ಚಿಲಕ ಸರಿಯಿತು.

"ಊಟಕ್ಕೆ ಹೋದೋಳು ಬರೋ ಹೊತ್ತಾ ಇದು?" ಎಂದರು ಅತ್ತೆ. "ಸರೋಜಮ್ಮನ ಸೊಸೆ ಸೀಮಂತಕ್ಕೆ ಬ್ಲೌಸ್ ಪೀಸ್ ಕೊಟ್ಟು ಹೋಗಿದಾಳೆ, ನಾಡಿದ್ದಿಗೆ ಬೇಕಂತೆ. ನಾನು ಆಗುತ್ತೆ ಅಂದ್ಬಿಟ್ಟೆ. ಹೊಲಿಯೋಳು ಊರು ಸುತ್ತುತಾ ಇದ್ರೆ ನಾನು ಯಾರಿಗೆ ಜವಾಬು ಹೇಳ್ಲಿ?"

"ಅಳತೆ?"

"ಹಳೇ ಬ್ಲೌಸ್ ಇಟ್ಟು ಹೋಗಿದಾಳೆ. ಏನ್ ನೋಡ್ತಾ ನಿಂತೆ? ಚಪ್ಪಲಿ ಒಳಗಿಡು, ಮಳೆ ಬರುತ್ತೆ."